ರೆಫರೆನ್ಸ್ ಎಣಿಸಬೇಡಿ, ತೆರೆದು ನೋಡಿ: ಅಧ್ಯಾಪಕರಿಗೆ ಗ್ರಂಥಾಲಯದಿಂದ ಒಂದು ಬಹಿರಂಗ ಪತ್ರ

ವಿದ್ಯಾರ್ಥಿಗಳಿಂದ ಸಂಶೋಧನಾ ಪ್ರಬಂಧ ಬರೆಸುವ ಎಲ್ಲ ಅಧ್ಯಾಪಕರಿಗೆ, ವಿಭಾಗದ ಮುಖ್ಯಸ್ಥರಿಗೆ ಮತ್ತು ಪಠ್ಯಕ್ರಮ ಸಮಿತಿಯ ಸದಸ್ಯರಿಗೆ,

ಮಾನ್ಯರೇ,

ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. "ಇದು ಎಲ್ಲಿ ಸಿಗುತ್ತೆ ಮೇಡಂ?" ಎಂದು ಕೇಳಿಕೊಂಡು ಬರುವವರಿಗೆ ಹುಡುಕಿಕೊಡುವ ಮೇಜು ನನ್ನದು. ನೀವು ತರಗತಿಯಲ್ಲಿ ಕೊಟ್ಟ ಪ್ರಬಂಧ ನಿಮ್ಮ ಕೈಗೆ ವಾಪಸ್ ಬರುವ ಮೊದಲು ಈ ಮೇಜನ್ನು ದಾಟಿ ಹೋಗುತ್ತದೆ. ಹಾಗಾಗಿ ನಿಮಗೆ ಕಾಣದ ಕೆಲವು ಸಂಗತಿಗಳು ನನಗೆ ಕಾಣುತ್ತವೆ. ಅವನ್ನು ಸ್ಟಾಫ್ ರೂಮಿನಲ್ಲೂ ಹೇಳಿದ್ದೇನೆ, ಮೀಟಿಂಗಿನಲ್ಲೂ ಹೇಳಿದ್ದೇನೆ. "ಈಗಿನ ಹುಡುಗರು ಎಲ್ಲಿ ಓದ್ತಾರೆ ಬಿಡಿ" ಎನ್ನುವಲ್ಲಿಗೆ ಮಾತು ಮುಗಿದುಹೋಗುತ್ತದೆ. ನನ್ನ ದೂರು ಹುಡುಗರ ಮೇಲೆ ಇಲ್ಲವಾದ್ದರಿಂದ ಈ ಪತ್ರ ಬರೆಯಬೇಕಾಯಿತು.

ನಿಮ್ಮ ನೋಟಿಸಿನಿಂದಲೇ ಶುರು ಮಾಡುತ್ತೇನೆ. "ಕನಿಷ್ಠ ಇಪ್ಪತ್ತು ರೆಫರೆನ್ಸ್ ಇರಬೇಕು. ನಂಬಲರ್ಹ ಮೂಲಗಳು ಮಾತ್ರ. ವಿಕಿಪೀಡಿಯ ಬೇಡ." ಬಹುತೇಕ ನೋಟಿಸುಗಳಲ್ಲಿ ಇರುವುದು ಇಷ್ಟೇ. ನಂಬಲರ್ಹ ಅಂದರೆ ಯಾವುದು, ಅದನ್ನು ಗುರುತಿಸುವುದು ಹೇಗೆ, ಎಲ್ಲಿ ಹುಡುಕಬೇಕು, ಸಿಕ್ಕ ಮೇಲೆ ಏನು ಮಾಡಬೇಕು ಎಂಬುದರ ಬಗ್ಗೆ ಒಂದಕ್ಷರ ಇಲ್ಲ. ವಿದ್ಯಾರ್ಥಿ ಜಾಣ. ಈ ಮೂರು ಸಾಲಿನಲ್ಲಿ ಅಳೆಯಲು ಬರುವುದು ಒಂದೇ ಒಂದು, ಆ ಇಪ್ಪತ್ತು ಎನ್ನುವ ಸಂಖ್ಯೆ. ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. "ಪೇಪರ್ ರೆಡಿ ಇದೆ ಮೇಡಂ, ಇನ್ನೂ ಆರು ರೆಫರೆನ್ಸ್ ಬೇಕು" ಎಂದು ಬರುತ್ತಾನೆ. ಪ್ರಬಂಧ ಬರೆದು ಮುಗಿದಿದೆ, ಈಗ ಅದಕ್ಕೆ ಆಧಾರ ಬೇಕು! ಯಾವ ವಾಕ್ಯಕ್ಕೆ ಬೇಕು ಎಂದು ಕೇಳಿದರೆ ನಗುತ್ತಾನೆ. "ಯಾವುದಕ್ಕಾದ್ರೂ ಪರವಾಗಿಲ್ಲ."

ಈ ಸೆಮಿಸ್ಟರಿನ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಬಂದಳು. ಅವಳ ವಿಷಯ ಮೊಬೈಲ್ ಬಳಕೆ ಮತ್ತು ನಿದ್ದೆ. ಪಟ್ಟಿಯಲ್ಲಿದ್ದ ಒಂದು ಲೇಖನ ಎಷ್ಟು ಹುಡುಕಿದರೂ ಸಿಗುತ್ತಿಲ್ಲ, ಗ್ರಂಥಾಲಯದ ಚಂದಾದಲ್ಲಿ ಇದೆಯಾ ಎಂದು ಕೇಳಿದಳು. ಇಬ್ಬರೂ ಕೂತು ನೋಡಿದೆವು. ಜರ್ನಲ್ ನಿಜ. ಸಂಪುಟವೂ ನಿಜ. ಆ ಸಂಪುಟದ ಪರಿವಿಡಿ ತೆರೆದು ಅವಳು ಬರೆದಿದ್ದ ಪುಟಕ್ಕೆ ಹೋದರೆ, ಅಲ್ಲಿ ಇನ್ಯಾರದೋ ಲೇಖನದ ನಡುಭಾಗ. ಲೇಖಕರ ಹೆಸರು ಹುಡುಕಿದೆವು. ಇಬ್ಬರೂ ನಿಜವಾದ ಸಂಶೋಧಕರು, ನಿದ್ದೆಯ ಮೇಲೇ ಕೆಲಸ ಮಾಡಿದವರು. ಆದರೆ ಈ ಹೆಸರಿನ ಲೇಖನ ಅವರ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಕೊನೆಗೆ ಡಿಒಐ, ಅಂದರೆ ಲೇಖನಕ್ಕೆ ಕೊಡುವ ಗುರುತಿನ ಸಂಖ್ಯೆಯನ್ನು ಬ್ರೌಸರಿಗೆ ಹಾಕಿದೆವು. ಕಾಂಕ್ರೀಟಿನ ಬಾಳಿಕೆ ಬಗ್ಗೆ ಒಂದು ಪ್ರಬಂಧ ತೆರೆದುಕೊಂಡಿತು. "ಚಾಟ್‌ಜಿಪಿಟಿ ಕೊಟ್ಟಿದ್ದು ಮೇಡಂ" ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಹೋದ ವರ್ಷ ಹೀಗೇ ಮಾಡಿದ ಗೆಳತಿಗೆ ಆಕರಪಟ್ಟಿಗೆ ಇಟ್ಟ ಅಂಕ ಪೂರ್ತಿ ಬಂದಿತ್ತು ಎಂದೂ ಹೇಳಿದಳು. ಅಲ್ಪವಿರಾಮ, ಇಟಾಲಿಕ್ಸ್, ವರ್ಷದ ಸುತ್ತ ಕಂಸ ಎಲ್ಲ ಸರಿಯಾಗಿತ್ತಂತೆ.

ಯಂತ್ರ ಯಾಕೆ ಹೀಗೆ ಮಾಡುತ್ತದೆ ಎಂದು ಅವಳಿಗೆ ಯಾರೂ ಹೇಳಿಲ್ಲ. ಇಂಥ ಭಾಷಾ ಮಾದರಿ ಒಂದು ಪದದ ಮುಂದೆ ಯಾವುದು ಬಂದರೆ ಹೊಂದುತ್ತದೆ ಎಂದು ಲೆಕ್ಕ ಹಾಕಿ ಬರೆಯುತ್ತದೆ. ರೆಫರೆನ್ಸ್ ಅಂದರೆ ಹೆಸರು, ವರ್ಷ, ಶೀರ್ಷಿಕೆ, ಪುಟ ಎಂಬ ಅಚ್ಚು ಅದಕ್ಕೆ ಚೆನ್ನಾಗಿ ಗೊತ್ತು. ಆ ಅಚ್ಚಿಗೆ ಒಪ್ಪುವ ಹಾಗೆ ತುಂಬಿಸಿಕೊಡುತ್ತದೆ. ಹುಡುಕುವ ಸೌಲಭ್ಯ ಜೊತೆಗಿದ್ದರೆ ನಿಜವಾದ ಲೇಖನಗಳನ್ನೇ ತರಬಹುದು. ಆಗಲೂ ಆ ಲೇಖನ ಹೇಳದೇ ಇದ್ದದ್ದನ್ನು ಹೇಳಿದೆ ಎನ್ನುವುದುಂಟು. ಇದು ವಿದ್ಯಾರ್ಥಿಗಳ ಕತೆ ಮಾತ್ರ ಅಂದುಕೊಳ್ಳಬೇಡಿ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಿಮಾನ ಕಂಪನಿಯೊಂದರ ವಿರುದ್ಧ ನಡೆದ ಮೊಕದ್ದಮೆಯಲ್ಲಿ ವಕೀಲರು ಹೀಗೆ ಹುಟ್ಟಿದ ಆರು ತೀರ್ಪುಗಳನ್ನು ಕೋರ್ಟಿಗೆ ಕೊಟ್ಟರು. ಈ ಕೇಸುಗಳು ನಿಜವೇ ಎಂದು ಅದೇ ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ನಿಜ ಎಂದಿತ್ತು. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಅಲ್ಲಿ ಸಿಕ್ಕಿಬೀಳಲು ಕಾರಣ, ಎದುರು ಪಕ್ಷದವರು ಆ ತೀರ್ಪುಗಳನ್ನು ಹುಡುಕಿ ನೋಡಿದ್ದು. ನಮ್ಮ ಕಾಲೇಜುಗಳಲ್ಲಿ ಆ ಎದುರು ಪಕ್ಷದ ಕೆಲಸ ಯಾರದ್ದು?

ಸಾಫ್ಟ್‌ವೇರ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಕಾಪಿ ಹಿಡಿಯುವ ಸಾಫ್ಟ್‌ವೇರ್ ಬೇರೆ ಕಡೆ ಇರುವ ಸಾಲಿನ ಜೊತೆ ಹೋಲಿಸಿ ನೋಡುತ್ತದೆ. ಎಲ್ಲೂ ಇಲ್ಲದ ಲೇಖನದ ಹೆಸರು ಅದರ ಲೆಕ್ಕದಲ್ಲಿ ಅಪ್ಪಟ ಸ್ವಂತ ಬರಹ. ಸುಳ್ಳು ಆಕರ ಜಾಸ್ತಿ ಇದ್ದಷ್ಟೂ ರಿಪೋರ್ಟಿನಲ್ಲಿ ಹೋಲಿಕೆಯ ಶೇಕಡಾವಾರು ಕಡಿಮೆ ಬಂದರೂ ಆಶ್ಚರ್ಯವಿಲ್ಲ.

ಎಐ ಬಂದಮೇಲೆ ಕೆಟ್ಟಿತು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ತೆರೆಯದೇ ಉಲ್ಲೇಖಿಸುವ ಚಾಳಿ ಅದಕ್ಕಿಂತ ಹಳೆಯದು, ಮತ್ತು ಅದು ದೊಡ್ಡವರಿಂದಲೇ ಬಂದದ್ದು. ಎಲ್ಸೆವಿಯರ್ ಪ್ರಕಾಶನ ಲೇಖಕರಿಗೆ ಕೊಡುವ ಸೂಚನೆಯಲ್ಲಿ, ರೆಫರೆನ್ಸ್ ಹೀಗೆ ಬರೆಯಿರಿ ಎಂದು ತೋರಿಸಲು ಒಂದು ಉದಾಹರಣೆ ಇತ್ತು. ವೈಜ್ಞಾನಿಕ ಲೇಖನ ಬರೆಯುವ ಕಲೆಯ ಬಗ್ಗೆ 2000ದಲ್ಲಿ ಬಂದದ್ದು ಎನ್ನಲಾದ ಲೇಖನ ಅದು. ಅಂಥ ಲೇಖನವೇ ಇಲ್ಲ, ಸುಮ್ನೆ ಮಾದರಿಗೆ ಕೊಟ್ಟದ್ದು. ಅದು ಸುಮಾರು 400 ಪ್ರಬಂಧಗಳಲ್ಲಿ ಆಕರವಾಗಿ ಕೂತಿರುವುದು 2017ರಲ್ಲಿ ಬೆಳಕಿಗೆ ಬಂತು. ಅದಕ್ಕೂ ಮುಂಚೆ, 2003ರಲ್ಲಿ, ಲಾಸ್ ಏಂಜಲೀಸಿನ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಇಬ್ಬರು ಸಂಶೋಧಕರು ಆಕರಪಟ್ಟಿಗಳಲ್ಲಿನ ಮುದ್ರಣದೋಷಗಳ ಬೆನ್ನು ಹತ್ತಿದ್ದರು. ಒಬ್ಬರು ಪುಟಸಂಖ್ಯೆ ತಪ್ಪು ಬರೆದರೆ ಅದೇ ತಪ್ಪು ಹಿಂದೆ ಬಂದವರಲ್ಲೂ ಹಾಗೇ ಇಳಿದುಬಂದಿತ್ತು. ಮೂಲ ನೋಡಿದ್ದರೆ ಅದೇ ತಪ್ಪು ಮತ್ತೆ ಮತ್ತೆ ಹೇಗೆ ಬರುತ್ತದೆ? ಉಲ್ಲೇಖಿಸುವವರಲ್ಲಿ ಸುಮಾರು ಐದರಲ್ಲಿ ಒಬ್ಬರು ಮಾತ್ರ ಮೂಲವನ್ನು ಓದಿರುತ್ತಾರೆ ಎಂದು ಅವರು ಅಂದಾಜು ಕಟ್ಟಿದರು.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಸಂಪಾದಕರಿಗೆ ಬರೆದ ಒಂದು ಪತ್ರ ಬಂತು. ಬರೆದವರು ಪೋರ್ಟರ್ ಮತ್ತು ಜಿಕ್. ಇಡೀ ಪತ್ರ ಐದೇ ವಾಕ್ಯ. ಆಸ್ಪತ್ರೆಯಲ್ಲಿ ದಾಖಲಾಗಿದ್ದ ರೋಗಿಗಳ ಪೈಕಿ 11,882 ಜನರಿಗೆ ಮಾದಕ ಗುಣದ ನೋವುನಿವಾರಕ ಕೊಟ್ಟಿದ್ದರು, ಅದರಲ್ಲಿ ಚಟ ಹತ್ತಿದ್ದು ನಾಲ್ಕೇ ಜನಕ್ಕೆ ಎಂಬುದು ಅದರ ಸಾರ. ಆಸ್ಪತ್ರೆಯ ಹಾಸಿಗೆಯಲ್ಲಿ, ವೈದ್ಯರ ಕಣ್ಣಳತೆಯಲ್ಲಿ ಇದ್ದವರ ಲೆಕ್ಕ ಇದು. ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಪತ್ರ ಏನನ್ನೂ ಹೇಳಿರಲಿಲ್ಲ. ಆದರೂ ಈ ಔಷಧಿಗಳಿಂದ ಚಟ ಹತ್ತುವುದು ತೀರಾ ಅಪರೂಪ ಎನ್ನುವವರೆಲ್ಲ ಇದನ್ನೇ ಆಧಾರ ಕೊಡಲು ಶುರು ಮಾಡಿದರು. 2017ರಲ್ಲಿ ಕೆನಡಾದ ಸಂಶೋಧಕರು ಕೂತು ಎಣಿಸಿದಾಗ 608 ಕಡೆ ಅದರ ಉಲ್ಲೇಖ ಸಿಕ್ಕಿತು. ನೂರಕ್ಕೆ ಎಪ್ಪತ್ತಕ್ಕೂ ಜಾಸ್ತಿ ಕಡೆ ಚಟ ಅಪರೂಪ ಎನ್ನುವುದಕ್ಕೆ ಸಾಕ್ಷಿಯಾಗಿ ಬಳಸಿದ್ದರು. ನೂರಕ್ಕೆ ಎಂಬತ್ತು ಕಡೆ, ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬ ಮಾತೇ ಇರಲಿಲ್ಲ. ಅಷ್ಟರಲ್ಲಿ ಉತ್ತರ ಅಮೆರಿಕದಲ್ಲಿ ಈ ಔಷಧಿಗಳ ಚಟ ಎಂಥ ಅನಾಹುತ ಮಾಡಿತ್ತು ಎನ್ನುವುದು ನಿಮಗೂ ಗೊತ್ತು. ಕೊನೆಗೆ ಪತ್ರಿಕೆಯೇ ಆ ಹಳೆಯ ಪತ್ರದ ಮೇಲೆ ಎಚ್ಚರಿಕೆಯ ಟಿಪ್ಪಣಿ ಹಾಕಬೇಕಾಯಿತು.

ಈಗ ನಿಮ್ಮ ನೋಟಿಸಿನ ಕಣ್ಣಿನಿಂದ ಆ ಪತ್ರ ನೋಡಿ. ಜಗತ್ತಿನ ಅತ್ಯಂತ ಗೌರವದ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಪುಟ ಇದೆ, ವರ್ಷ ಇದೆ, ಲೇಖಕರಿದ್ದಾರೆ. ನೂರಾರು ಜನ ಉಲ್ಲೇಖಿಸಿದ್ದಾರೆ. ನಂಬಲರ್ಹ ಎನ್ನುವುದಕ್ಕೆ ಇನ್ನೇನು ಬೇಕು, ಅಲ್ವಾ? ಆ ಪತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಎಡವಿದ್ದು ಅದರಿಂದ ಎಳೆದ ತೀರ್ಮಾನ. ಐದು ವಾಕ್ಯ ಓದಲು ಒಂದು ನಿಮಿಷವೂ ಬೇಡ. ಆ ಒಂದು ನಿಮಿಷವನ್ನು ಹೆಚ್ಚಿನವರು ಕೊಟ್ಟಂತಿಲ್ಲ. ಜರ್ನಲ್ಲಿನ ಹೆಸರು ನೋಡಿ ನಂಬುವುದನ್ನಷ್ಟೇ ಕಲಿಸಿದರೆ ನಮ್ಮ ವಿದ್ಯಾರ್ಥಿಗಳು ಹೋಗಿ ನಿಲ್ಲುವುದು ಇದೇ ಸಾಲಿನಲ್ಲಿ.

ಜರ್ನಲ್ಲಿನ ಹೆಸರೂ ಈಗ ಅಷ್ಟು ಸುಲಭದ ಗುರುತಲ್ಲ. ದುಡ್ಡು ಕಟ್ಟಿದರೆ ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್ಲುಗಳು ರಾಶಿ ಬಿದ್ದಿವೆ. 2013ರಲ್ಲಿ ಸೈನ್ಸ್ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ವರದಿಗಾರ, ಕಲ್ಲುಹೂವಿನಿಂದ ತೆಗೆದ ರಾಸಾಯನಿಕ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎನ್ನುವ ಸುಳ್ಳು ಪ್ರಬಂಧವನ್ನು ಬೇಕೆಂದೇ ತಪ್ಪುಗಳಿಟ್ಟು ತಯಾರಿಸಿದ. 304 ಓಪನ್ ಆ್ಯಕ್ಸೆಸ್ ಜರ್ನಲ್ಲುಗಳಿಗೆ, ಅಂದರೆ ಯಾರು ಬೇಕಾದರೂ ಉಚಿತವಾಗಿ ಓದಬಹುದಾದವಕ್ಕೆ ಕಳಿಸಿದ. 157 ಒಪ್ಪಿಕೊಂಡವು. ಇವುಗಳಲ್ಲಿ ಎಷ್ಟೋ ಜರ್ನಲ್ಲುಗಳ ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಇರುತ್ತದೆ, 'ಅಡ್ವಾನ್ಸ್‌ಡ್' ಇರುತ್ತದೆ. ಪೀರ್ ರಿವ್ಯೂ, ಅಂದರೆ ಅದೇ ಕ್ಷೇತ್ರದ ಬೇರೆ ತಜ್ಞರಿಂದ ಪರಿಶೀಲನೆ, ಮಾಡಿಸುತ್ತೇವೆ ಎಂದು ಮೊದಲ ಪುಟದಲ್ಲೇ ಬರೆದುಕೊಂಡಿರುತ್ತಾರೆ. ಎರಡನೇ ವರ್ಷದ ಹುಡುಗ ಇದನ್ನು ಹೇಗೆ ಪತ್ತೆ ಹಚ್ಚಬೇಕು? ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಅಂಥ ಜರ್ನಲ್ಲುಗಳಲ್ಲಿ ಹುಡುಕುವಾಗ ಪರಿಚಯದ ಅಧ್ಯಾಪಕರ ಹೆಸರುಗಳೂ ಎದುರಾಗುತ್ತವೆ. ವಿದ್ಯಾರ್ಥಿಗಳೂ ನೋಡುತ್ತಾರೆ.

ತಪ್ಪೋ ಮೋಸವೋ ಗೊತ್ತಾಗಿ ಪತ್ರಿಕೆಯೇ ಹಿಂಪಡೆದ ಲೇಖನಗಳದ್ದು ಇನ್ನೊಂದು ಪಾಡು. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ವೇಕ್‌ಫೀಲ್ಡ್ ಅವರ 1998ರ ಲೇಖನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 12 ಮಕ್ಕಳ ಮೇಲಿನ ವರದಿ. 2010ರಲ್ಲಿ ಪತ್ರಿಕೆ ಅದನ್ನು ಪೂರ್ತಿ ಹಿಂಪಡೆಯಿತು. ಪ್ರಕಾಶಕರ ಪುಟದಲ್ಲಿ ಅದರ ಮೇಲೆ ದೊಡ್ಡದಾಗಿ 'ಹಿಂಪಡೆಯಲಾಗಿದೆ' ಎಂದಿದೆ. ಆದರೆ ಯಾವ ಲೇಖನವೇ ಇರಲಿ, ಮುಂಚೆ ಡೌನ್‌ಲೋಡ್ ಮಾಡಿಟ್ಟ ಪಿಡಿಎಫ್ ಗುಂಪಿನಿಂದ ಗುಂಪಿಗೆ ಹರಿದಾಡುವಾಗ ಆ ಗುರುತು ಜೊತೆಗೆ ಹೋಗುವುದಿಲ್ಲ. 2023 ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆದರು. ಹೆಚ್ಚಿನವು ಹಿಂದಾವಿ ಎಂಬ ಒಂದೇ ಪ್ರಕಾಶನದವು. ನೋಡುವ ದಾರಿ ಕಷ್ಟದ್ದೇನಲ್ಲ. ಪ್ರಕಾಶಕರ ಪುಟಕ್ಕೇ ಹೋಗಿ ಲೇಖನ ತೆರೆಯಬೇಕು. ಹಿಂಪಡೆದ ಲೇಖನಗಳ ಮೇಲೆ ಕಣ್ಣಿಟ್ಟಿರುವ ರಿಟ್ರಾಕ್ಷನ್ ವಾಚ್ ಎಂಬ ತಾಣ ಕಟ್ಟಿದ ಪಟ್ಟಿ ಈಗ ಎಲ್ಲರಿಗೂ ಮುಕ್ತವಾಗಿದೆ. ಆಕರಗಳನ್ನು ಜೋಡಿಸಿಡುವ ಜೊಟೆರೊ ಎಂಬ ಉಚಿತ ಸಾಫ್ಟ್‌ವೇರ್, ನಮ್ಮ ಸಂಗ್ರಹದಲ್ಲಿ ಹಿಂಪಡೆದ ಲೇಖನ ಇದ್ದರೆ ಕೆಂಪು ಪಟ್ಟಿ ಹಾಕಿ ತಾನಾಗಿಯೇ ಎಚ್ಚರಿಸುತ್ತದೆ. ಇದನ್ನು ತೋರಿಸಿಕೊಡಲು ಕಾಲು ಗಂಟೆ ಸಾಕು. ಆ ಕಾಲು ಗಂಟೆ ನಮ್ಮ ಟೈಮ್‌ಟೇಬಲ್ಲಿನಲ್ಲಿ ಇಲ್ಲ.

ವಿಕಿಪೀಡಿಯದ ಮಾತಿಗೆ ಬರುತ್ತೇನೆ. ಉಲ್ಲೇಖಿಸಬೇಡಿ ಎನ್ನುವುದು ಸರಿ, ವಿಕಿಪೀಡಿಯವೂ ತನ್ನ ಬಗ್ಗೆ ಅದನ್ನೇ ಹೇಳಿಕೊಳ್ಳುತ್ತದೆ. ಆದರೆ "ಬೇಡ" ಎಂದಷ್ಟೇ ಬರೆದರೆ ಆಗುವುದೇನು ಗೊತ್ತೇ? ಅಲ್ಲೇ ಓದುತ್ತಾರೆ, ಓದಿದ್ದನ್ನೇ ಬರೆಯುತ್ತಾರೆ, ಅಡಿಟಿಪ್ಪಣಿಯಲ್ಲಿರುವ ಪುಸ್ತಕದ ಹೆಸರನ್ನು ತಮ್ಮ ಪಟ್ಟಿಗೆ ಎತ್ತಿಕೊಳ್ಳುತ್ತಾರೆ. ಆ ಪುಸ್ತಕವನ್ನು ಕಣ್ಣಿಂದ ನೋಡಿರುವುದಿಲ್ಲ. ಒಂದು ಮಾತು ಹಲವು ಕಡೆ ಸಿಕ್ಕಿದರೆ ಗಟ್ಟಿಯಾಯಿತು ಅಂತಲೂ ನಂಬುತ್ತಾರೆ. 2008ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಕೊವಾಟಿ ಎಂಬ ಪ್ರಾಣಿಯ ವಿಕಿಪೀಡಿಯ ಪುಟದಲ್ಲಿ, ಇದಕ್ಕೆ ಬ್ರೆಜಿಲಿನ ಆರ್ಡ್‌ವಾರ್ಕ್ ಎಂಬ ಹೆಸರೂ ಇದೆ ಎಂದು ತಮಾಷೆಗೆ ಸೇರಿಸಿದ. ಆರ್ಡ್‌ವಾರ್ಕ್ ಆಫ್ರಿಕಾದ ಬೇರೆಯೇ ಪ್ರಾಣಿ. ಪತ್ರಿಕೆಗಳು ಅದನ್ನು ಎತ್ತಿಕೊಂಡವು, ಪುಸ್ತಕಕ್ಕೂ ಹೋಯಿತು. ಆಮೇಲೆ ವಿಕಿಪೀಡಿಯದ ಅದೇ ಸಾಲಿಗೆ ಪತ್ರಿಕೆಯ ಲೇಖನವೇ ಆಧಾರವಾಗಿ ಬಂದು ಕೂತಿತು. ಮೂರು ಆಕರ ಕಾಣುತ್ತದೆ, ಇರುವುದು ಒಬ್ಬನ ತಮಾಷೆ. ವಿಕಿಪೀಡಿಯದಿಂದ ಶುರು ಮಾಡಿ, ಅಡಿಟಿಪ್ಪಣಿ ಹಿಡಿದು ಮೂಲಕ್ಕೆ ಹೋಗಿ, ಮೂಲ ಅದನ್ನೇ ಹೇಳುತ್ತದೆಯೇ ನೋಡಿ ಎಂದು ನೋಟಿಸಿನಲ್ಲಿ ಬರೆದರೆ ನಿಷೇಧಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಇನ್ನು ಕೆಲವರು ಚೆಕ್‌ಲಿಸ್ಟ್ ಕೊಡುತ್ತಾರೆ. ಸೈಟಿನ ವಿಳಾಸ ಡಾಟ್ ಓಆರ್‌ಜಿ ಎಂದು ಮುಗಿದರೆ ನಂಬಬಹುದು, ಲೇಖಕರ ಹೆಸರು ಇರಬೇಕು, ಪುಟ ನೀಟಾಗಿರಬೇಕು. ಡಾಟ್ ಓಆರ್‌ಜಿ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು ಸ್ವಾಮಿ. ಸ್ಟ್ಯಾನ್‌ಫರ್ಡಿನ ವೈನ್‌ಬರ್ಗ್ ಮತ್ತು ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 10 ಇತಿಹಾಸಕಾರರು, ಫ್ಯಾಕ್ಟ್ ಚೆಕ್ ಮಾಡುವುದೇ ಕೆಲಸವಾಗಿರುವ 10 ಜನ, 25 ವಿದ್ಯಾರ್ಥಿಗಳು. ಎಲ್ಲರಿಗೂ ಕೆಲವು ವೆಬ್ ಪುಟ ಕೊಟ್ಟು ಎಷ್ಟು ನಂಬಬಹುದು ಹೇಳಿ ಎಂದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಆ ಪುಟದಲ್ಲೇ ಕೂತು ಮೇಲಿಂದ ಕೆಳಗೆ ಓದಿದರು. ಲೋಗೊ, ವಿಳಾಸ ನೋಡಿ ಎಷ್ಟೋ ಜನ ಮೋಸಹೋದರು. ಫ್ಯಾಕ್ಟ್ ಚೆಕ್ ಮಾಡುವವರು ತಕ್ಷಣ ಆ ಪುಟ ಬಿಟ್ಟರು. ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆ ಯಾರದ್ದು, ದುಡ್ಡು ಎಲ್ಲಿಂದ ಬರುತ್ತದೆ, ಬೇರೆಯವರು ಇವರ ಬಗ್ಗೆ ಏನು ಹೇಳುತ್ತಾರೆ ಎಂದು ನೋಡಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ಉತ್ತರ ಕೊಟ್ಟವರು ಅವರೇ. ಪಿಎಚ್‌ಡಿ ಮಾಡಿದವರೇ ಎಡವುವ ಕಡೆ ವಿದ್ಯಾರ್ಥಿಗೆ ಒಂದು ಚೆಕ್‌ಲಿಸ್ಟ್ ಹಿಡಿಸಿ ಕಳಿಸುವುದು ಯಾವ ನ್ಯಾಯ?

ಹುಡುಕುವುದೂ ಒಂದು ಕೆಲಸ, ಅದನ್ನು ಕಲಿಸಬೇಕು. ನಿದ್ದೆಯ ಪ್ರಬಂಧ ಬರೆಯುವ ಹುಡುಗಿ ಗೂಗಲ್ಲಿನಲ್ಲಿ "ಮೊಬೈಲ್ ನೋಡಿದರೆ ನಿದ್ದೆ ಕೆಡುತ್ತದಾ" ಎಂದು ಹುಡುಕುತ್ತಾಳೆ. ಸಿಗುವುದು ಆರೋಗ್ಯ ಸಲಹೆಯ ಪುಟಗಳು, ದಿಂಬು ಮಾರುವ ಕಂಪನಿಗಳು. ನಿದ್ದೆ ಹತ್ತಲು ಹಿಡಿಯುವ ಸಮಯಕ್ಕೆ ಆ ಕ್ಷೇತ್ರದವರು ಸ್ಲೀಪ್ ಲೇಟೆನ್ಸಿ ಎನ್ನುತ್ತಾರೆ ಎಂದು ಗೊತ್ತಾದ ಕೂಡಲೇ ಸಿಗುವ ರಾಶಿಯೇ ಬದಲಾಗುತ್ತದೆ. ಮೊದಲು ಒಂದು ವಿಮರ್ಶಾ ಲೇಖನ, ಅಂದರೆ ರಿವ್ಯೂ ಆರ್ಟಿಕಲ್ ಹಿಡಿದರೆ ಯಾರು ಏನು ಮಾಡಿದ್ದಾರೆ ಎನ್ನುವ ನಕ್ಷೆ ಸಿಗುತ್ತದೆ. ಗೂಗಲ್ ಸ್ಕಾಲರಿನಲ್ಲಿ ಬೇರೆಯವರು ಉಲ್ಲೇಖಿಸಿದ ಲೇಖನಗಳ ಕೆಳಗೆ 'ಸೈಟೆಡ್ ಬೈ' ಎಂದಿರುತ್ತದೆ. ಅದನ್ನು ಒತ್ತಿದರೆ ಆ ಲೇಖನದ ನಂತರ ಬಂದವರು ಅದನ್ನು ಒಪ್ಪಿದರೋ ತಳ್ಳಿಹಾಕಿದರೋ ನೋಡಬಹುದು. ದುಡ್ಡು ಕೇಳುವ ಲೇಖನ ಎದುರಾದರೆ ಅಲ್ಲಿಗೇ ನಿಲ್ಲಬೇಕಾಗಿಲ್ಲ. ಅಲ್ಲೇ ಇರುವ 'ಆಲ್ ವರ್ಷನ್ಸ್' ಒತ್ತಿದರೆ ಎಷ್ಟೋ ಸಲ ಲೇಖಕರೇ ಹಾಕಿದ ಉಚಿತ ಪ್ರತಿ ಸಿಗುತ್ತದೆ. ಅನ್‌ಪೇವಾಲ್ ಎಂಬ ಬ್ರೌಸರ್ ಸಲಕರಣೆ ಕಾನೂನುಬದ್ಧ ಪ್ರತಿಯನ್ನೇ ಹುಡುಕಿಕೊಡುತ್ತದೆ. ವೈದ್ಯಕೀಯಕ್ಕೆ ಪಬ್‌ಮೆಡ್ ಸೆಂಟ್ರಲ್ ಎಂಬ ಉಚಿತ ಸಂಗ್ರಹ ಇದೆ. ಭೌತಶಾಸ್ತ್ರ, ಗಣಿತಕ್ಕೆ ಆರ್ಕೈವ್ (arXiv) ಎಂಬ ತಾಣ ಇದೆ, ಅಲ್ಲಿರುವುದು ಪೀರ್ ರಿವ್ಯೂಗೆ ಮುಂಚಿನ ಪ್ರತಿಯೂ ಆಗಿರಬಹುದು ಎಂಬ ಎಚ್ಚರ ಬೇಕು, ಅಷ್ಟೇ. ಯಾವುದೂ ಆಗದಿದ್ದರೆ ಲೇಖಕರಿಗೇ ಒಂದು ಮೇಲ್ ಹಾಕಿ ಕೇಳಬಹುದು. ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಇದೆಲ್ಲ ಗೊತ್ತಿಲ್ಲದ ವಿದ್ಯಾರ್ಥಿ ಸಾರಾಂಶ ಓದಿ ಇಡೀ ಲೇಖನವನ್ನು ಉಲ್ಲೇಖಿಸಿಬಿಡುತ್ತಾನೆ. ಸಾರಾಂಶದಲ್ಲಿ ಫಲಿತಾಂಶ ಇರುತ್ತದೆ, ಮಿತಿಗಳು ಒಳಗಿನ ಪುಟಗಳಲ್ಲಿರುತ್ತವೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಒಂದೊಂದು ತರಗತಿಯಲ್ಲಿ ಎಷ್ಟು ಪ್ರಬಂಧ ಬರುತ್ತವೆ, ತಿದ್ದಲು ಎಷ್ಟು ದಿನ ಕೊಡುತ್ತಾರೆ, ಅದರ ಮಧ್ಯೆ ಇನ್ನೆಷ್ಟು ಫೈಲುಗಳು ಎಂಬುದನ್ನು ನೋಡುತ್ತಲೇ ಇದ್ದೇನೆ. ಇಪ್ಪತ್ತು ರೆಫರೆನ್ಸನ್ನು ಒಂದೊಂದಾಗಿ ತೆರೆಯಿರಿ ಎಂದರೆ ಯಾರಿಂದಲೂ ಆಗದು. ಅದಕ್ಕೇ ನನ್ನ ಮೊದಲ ಮನವಿ: ಆ ಸಂಖ್ಯೆಯನ್ನು ಕೈಬಿಡಿ. ಪದವಿ ವಿದ್ಯಾರ್ಥಿಗೆ ಐದೋ ಆರೋ ಆಕರ ಸಾಕು. ಆದರೆ ಪ್ರತಿಯೊಂದಕ್ಕೂ ಎರಡು ಸಾಲು ಬರೆಯಲಿ. ಇದನ್ನು ಎಲ್ಲಿ ಹುಡುಕಿದೆ, ಯಾವ ಪುಟದಿಂದ ಏನು ತೆಗೆದುಕೊಂಡೆ, ಇದನ್ನು ಯಾಕೆ ನಂಬಿದೆ. ಯಂತ್ರದಿಂದ ಆ ಎರಡು ಸಾಲನ್ನೂ ಬರೆಸಬಹುದಲ್ಲ ಎನ್ನುತ್ತೀರಿ, ಒಪ್ಪುತ್ತೇನೆ. ಹಾಗಾಗಿ ಪ್ರಬಂಧ ಕೊಡಲು ಬಂದಾಗ ಪಟ್ಟಿಯಿಂದ ಯಾವುದಾದರೂ ಎರಡನ್ನು ನೀವೇ ಆರಿಸಿ, ವಿದ್ಯಾರ್ಥಿಯ ಕೈಲೇ ತೆರೆಸಿ. "ಈ ವಾಕ್ಯಕ್ಕೆ ಆಧಾರ ಎಲ್ಲಿದೆ, ತೋರಿಸು" ಎನ್ನಿ. ಓದಿದವರು ನಿಮಿಷದಲ್ಲಿ ತೋರಿಸುತ್ತಾರೆ. ಹೀಗೆ ಕೇಳುತ್ತಾರಂತೆ ಎಂಬ ಸುದ್ದಿ ಒಂದು ಸಲ ಹಬ್ಬಿದರೆ ಸಾಕು, ಅರ್ಧ ಕೆಲಸ ಅದೇ ಮಾಡುತ್ತದೆ.

ಅಂಕ ಹಂಚುವ ರೀತಿಯನ್ನೂ ದಯವಿಟ್ಟು ನೋಡಿ. ಅಲ್ಪವಿರಾಮ ಎಲ್ಲಿ ಬೀಳಬೇಕು ಎನ್ನುವುದಕ್ಕೆ ಕೊಡುವ ಅಂಕವನ್ನು, ಎರಡು ಆಕರಗಳು ಒಂದನ್ನೊಂದು ಒಪ್ಪದಿದ್ದಾಗ ವಿದ್ಯಾರ್ಥಿ ಏನು ಮಾಡಿದ ಎನ್ನುವುದಕ್ಕೆ ಕೊಡಿ. ಅಚ್ಚುಕಟ್ಟು ಬೇಕು, ಬೇಡ ಎನ್ನುತ್ತಿಲ್ಲ. ಅದನ್ನು ಜೊಟೆರೊ ಮಾಡಿಕೊಡುತ್ತದೆ.

ಪಠ್ಯಕ್ರಮ ಸಮಿತಿಯವರಲ್ಲಿ ಮೂರು ಕೋರಿಕೆ. ಪ್ರಬಂಧದ ವಿಷಯ ಕೊಟ್ಟ ವಾರದಲ್ಲೇ ಗ್ರಂಥಾಲಯಕ್ಕೆ ಒಂದು ಪೂರ್ತಿ ತರಗತಿ ಬಿಟ್ಟುಕೊಡಿ. ಈಗ ನಮ್ಮನ್ನು ಕರೆಯುವುದು ಸೆಮಿಸ್ಟರಿನ ಮೊದಲ ದಿನ, ಸ್ವಾಗತ ಭಾಷಣದ ಮಧ್ಯೆ, ಕಪಾಟುಗಳನ್ನು ತೋರಿಸಲು. ಆಗ ಯಾರ ತಲೆಯಲ್ಲೂ ಪ್ರಶ್ನೆ ಇರುವುದಿಲ್ಲ, ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ. ಕೈಯಲ್ಲಿ ವಿಷಯ ಇರುವಾಗ ಕಳಿಸಿದರೆ, ಅವರವರ ವಿಷಯವನ್ನೇ ಇಟ್ಟುಕೊಂಡು ಹುಡುಕಿ ತೋರಿಸಬಹುದು. ಇನ್ನೊಂದು, ಆಕರಪಟ್ಟಿಯನ್ನು ಪ್ರಬಂಧಕ್ಕಿಂತ ಮೊದಲೇ ಕೊಡುವಂತೆ ನಿಯಮ ಮಾಡಿ. ಬರೆಯಲು ಶುರು ಮಾಡುವ ಮುಂಚೆಯೇ ಅಧ್ಯಾಪಕರೋ ನಾವೋ ಒಮ್ಮೆ ಕಣ್ಣಾಡಿಸಿದರೆ, ಕೊನೆಯ ವಾರದಲ್ಲಿ ಆಕರ ಅಂಟಿಸುವ ಪ್ರಮೇಯವೇ ಬರುವುದಿಲ್ಲ. ಎಐ ಬಗ್ಗೆಯೂ ಒಂದು ಸ್ಪಷ್ಟ ನಿಯಮ ಬೇಕು. ಒಂದು ವಿಭಾಗದಲ್ಲಿ ಮುಟ್ಟಲೇಬಾರದು, ಪಕ್ಕದ ವಿಭಾಗದಲ್ಲಿ ಏನು ಬೇಕಾದರೂ ಮಾಡಿ ಎಂದರೆ ವಿದ್ಯಾರ್ಥಿಗಳು ಮುಚ್ಚಿಡುವುದನ್ನೇ ಕಲಿಯುತ್ತಾರೆ. ಯಂತ್ರ ಸೂಚಿಸಿದ ಆಕರವನ್ನು ವಿದ್ಯಾರ್ಥಿಯೇ ತೆರೆದು ಓದಿರಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಇರಬಾರದು. ಇಷ್ಟು ಬರೆದರೂ ಸಾಕು.

ಕೊನೆಯದಾಗಿ ವಿಷಯಗಳ ಬಗ್ಗೆ. "ಸೋಷಿಯಲ್ ಮೀಡಿಯಾ ಮತ್ತು ಯುವಜನ", "ಪರಿಸರ ಮಾಲಿನ್ಯ: ಒಂದು ಅಧ್ಯಯನ" ಇಂಥ ಶೀರ್ಷಿಕೆ ಕೊಟ್ಟರೆ ಒಳ್ಳೆಯ ಆಕರ ಸಿಗುವುದೇ ಇಲ್ಲ, ಯಾಕೆಂದರೆ ಯಾವ ಸಂಶೋಧಕರೂ ಅಷ್ಟು ದೊಡ್ಡ ಪ್ರಶ್ನೆಗೆ ಒಂದು ಲೇಖನದಲ್ಲಿ ಉತ್ತರ ಬರೆದಿರುವುದಿಲ್ಲ. ಇನ್ನು ಕೆಲವು ವಿಷಯಗಳು ತೀರಾ ಸಣ್ಣವು, ಅವುಗಳ ಮೇಲೆ ಜರ್ನಲ್ ಲೇಖನಗಳೇ ಇಲ್ಲ. ಅಂಥ ಕಡೆ ಹಳೆಯ ಪತ್ರಿಕೆ, ಸರ್ಕಾರಿ ವರದಿ, ಜನರ ಸಂದರ್ಶನ ಇವೇ ನಂಬಲರ್ಹ ಮೂಲ. "ಜರ್ನಲ್ ಮಾತ್ರ" ಎಂಬ ನಿಯಮ ಇದ್ದರೆ ಆ ವಿದ್ಯಾರ್ಥಿ ಸಂಬಂಧವಿಲ್ಲದ ಲೇಖನಗಳನ್ನು ತಂದು ತುಂಬಿಸುತ್ತಾನೆ. ಆದ್ದರಿಂದ ಮುಂದಿನ ಸೆಮಿಸ್ಟರಿನ ವಿಷಯಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುವ ಮುನ್ನ ಒಂದು ಪ್ರತಿ ನಮಗೂ ಕಳಿಸಿ. ಯಾವುದಕ್ಕೆ ಆಕರ ಸಿಗುತ್ತದೆ, ಯಾವುದನ್ನು ಸ್ವಲ್ಪ ಕಿರಿದು ಮಾಡಬೇಕು, ಯಾವುದಕ್ಕೆ ಜರ್ನಲ್ ಬಿಟ್ಟು ಬೇರೆ ಕಡೆ ಹುಡುಕಬೇಕು ಎಂದು ಒಂದು ವಾರದೊಳಗೆ ಬರೆದು ತಿಳಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾಲೇಜು ಗ್ರಂಥಾಲಯದ ಒಬ್ಬ ಸಿಬ್ಬಂದಿ